ಬಾಟಲಿಯಲ್ಲಿ ಗೋಧಿ ಇದೆ, ಚೀಟಿಯಲ್ಲಿ ಇಲ್ಲ: ಗೊಜ್ಜು ಕಳಿಸಿದ ಕಂಪನಿಗೆ ಒಂದು ದೂರು

ಗೆ,
ಮುಖ್ಯಸ್ಥರು, ರಫ್ತು ವಿಭಾಗ

ವಿಷಯ: ಪುಳಿಯೋಗರೆ ಗೊಜ್ಜಿನ ಇಂಗನ್ನು ಹೇಳದೆ ಬದಲಾಯಿಸಿ, ಹಳೇ ಚೀಟಿಯನ್ನೇ ಅಂಟಿಸಿ ಕಳಿಸಿದ ಬಗ್ಗೆ

ಮಾನ್ಯರೇ,

ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿರುವ ನಮ್ಮ ದಿನಸಿ ಅಂಗಡಿಯಲ್ಲಿ ನಿಮ್ಮ ಪುಳಿಯೋಗರೆ ಗೊಜ್ಜಿನ ಮಾರಾಟವನ್ನು ನಿಲ್ಲಿಸಿದ್ದೇನೆ. ಬಾಟಲಿಯ ಮೇಲೆ ನಿಮ್ಮ ಕಾರ್ಖಾನೆಯಲ್ಲೇ ಅಂಟಿಸಿದ ಜರ್ಮನ್ ಚೀಟಿಯಲ್ಲಿ ‘ಗ್ಲುಟೆನ್‌ಫ್ರೈ’ ಅಂತಿದೆ, ಅಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಇಲ್ಲ ಅಂತ. ಒಳಗಿರುವ ಗೊಜ್ಜಿಗೆ ಬಿದ್ದಿರುವ ಇಂಗಿನಲ್ಲಿ ಗೋಧಿ ಹಿಟ್ಟಿದೆ.

ಇದು ನನ್ನ ಊಹೆಯಲ್ಲ. ಈ ಸರಕಿನ ಬಗ್ಗೆ ನಿಮ್ಮದೇ ಗುಣಮಟ್ಟ ವಿಭಾಗದವರು ಕಳಿಸಿದ ಪದಾರ್ಥಗಳ ಪಟ್ಟಿಯಲ್ಲೇ ಇದೆ: ಇಂಗು, ಅದರೊಳಗೆ ಗೋಧಿ ಹಿಟ್ಟು, ಅರಬಿಕ್ ಗೋಂದು, ಇಂಗಿನ ರಾಳ. ಹಿಂದಿನ ಲಾಟ್‌ಗಳ ಪಟ್ಟಿಯಲ್ಲಿ ಗೋಧಿಯ ಜಾಗದಲ್ಲಿ ಅಕ್ಕಿ ಹಿಟ್ಟಿತ್ತು. ಇಂಗು ಕೊಡುವವರನ್ನು ಬದಲಾಯಿಸಿದ್ದೀರಿ, ಅಷ್ಟೇ ಅಲ್ವಾ? ಬದಲಾಯಿಸಿ, ಅದು ನಿಮ್ಮ ವ್ಯಾಪಾರ. ಆದರೆ ಪಟ್ಟಿ ಬದಲಾದಾಗ ಚೀಟಿಯೂ ಬದಲಾಗಬೇಕಿತ್ತು, ಸರಕು ಹೊರಡುವ ಮೊದಲು ನನಗೆ ಒಂದು ಮಾತು ಹೇಳಬೇಕಿತ್ತು.

ಫೋನ್ ಮಾಡಿದಾಗ ನಿಮ್ಮ ಕಡೆಯವರು, “ಇಂಗು ಎಷ್ಟು ಹಾಕ್ತೀವಿ ಸರ್, ಒಂದು ಚಿಟಿಕೆ” ಅಂದರು. ಚಿಟಿಕೆಯೇ ಇಲ್ಲಿ ಜಾಸ್ತಿ. ಗ್ಲುಟೆನ್ ಇಲ್ಲ ಅಂತ ಬರೆಯಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂ ದಾಟುವಂತಿಲ್ಲ. ನಿಮ್ಮ 300 ಗ್ರಾಂ ಬಾಟಲಿಗೆ ಅದು 6 ಮಿಲಿಗ್ರಾಂ. ಅರ್ಧ ಗ್ರಾಂ ಗೋಧಿ ಹಿಟ್ಟು ಸೇರಿದರೂ ಇದರ ಹಲವು ಪಟ್ಟು ಗ್ಲುಟೆನ್ ಒಳಗೆ ಹೋಯಿತು ಅಂತಲೇ ಲೆಕ್ಕ.

ಆ ಲೆಕ್ಕದ ಆಚೆ ಮನುಷ್ಯರಿದ್ದಾರೆ. ನಮ್ಮ ಗಿರಾಕಿಯೊಬ್ಬರ ಮಗಳಿಗೆ ಸೀಲಿಯಾಕ್ ಕಾಯಿಲೆ. ಗೋಧಿ ಸ್ವಲ್ಪ ಹೊಟ್ಟೆಗೆ ಹೋದರೂ ಕರುಳಿನ ಒಳಪದರ ಹಾಳಾಗುತ್ತದೆ. ಅನ್ನಕ್ಕೆ ಕಲಸಿ ಶಾಲೆಯ ಡಬ್ಬಿಗೆ ಹಾಕಬಹುದು ಅಂತ ಆ ತಾಯಿ ನಿಮ್ಮ ಗೊಜ್ಜನ್ನೇ ಹುಡುಕಿಕೊಂಡು ಬರುತ್ತಿದ್ದರು. ಪ್ರತಿ ಸಲವೂ ಬಾಟಲಿ ತಿರುಗಿಸಿ ಚೀಟಿ ಓದಿಯೇ ಬುಟ್ಟಿಗೆ ಹಾಕುತ್ತಿದ್ದರು. ನಿಮ್ಮ ಅಕ್ಷರವನ್ನು ನಂಬಿದ್ದರು. ಈ ಲಾಟ್‌ನ ಬಾಟಲಿಗಳು ಕಪಾಟಿಗೆ ಹೋದ ಮೇಲೆ ಪಟ್ಟಿ ನನ್ನ ಕೈಗೆ ಬಂತು. ಅವರಿಗೆ ಫೋನ್ ಮಾಡಿ ‘ತಿನ್ನಿಸಬೇಡಿ’ ಅಂತ ಹೇಳಬೇಕಾಗಿ ಬಂದಾಗ ನನಗಾದ ಸಂಕಟ ನಿಮಗೆ ತಿಳಿಯಬೇಕು.

ಇಲ್ಲಿನ ಕಾನೂನಿನಲ್ಲಿ ಆಮದು ಮಾಡಿಕೊಂಡವನೇ ಹೊಣೆಗಾರ. ಅಲರ್ಜಿ ತರುವ 14 ಬಗೆಯ ಪದಾರ್ಥಗಳು ಪಟ್ಟಿಯಲ್ಲಿ ಎದ್ದು ಕಾಣಬೇಕು. ಎಳ್ಳು, ಕಡಲೆಕಾಯಿ, ಸಾಸಿವೆಯನ್ನು ನೀವು ದಪ್ಪಕ್ಷರದಲ್ಲಿ ಹಾಕಿದ್ದೀರಿ, ಅದು ಸರಿಯಾಗಿದೆ. ಗೋಧಿಯದ್ದು ಸುದ್ದಿಯೇ ಇಲ್ಲ. ಇದನ್ನು ಹೊರದೇಶದ ಕಾಟ ಅಂತ ತಳ್ಳಿಹಾಕಬೇಡಿ. ಗ್ಲುಟೆನ್ ಇರುವ ಧಾನ್ಯವನ್ನು ಚೀಟಿಯಲ್ಲಿ ಹೇಳಲೇಬೇಕು ಅಂತ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ನಮ್ಮ ಎಫ್‌ಎಸ್‌ಎಸ್‌ಎಐ ನಿಯಮವೂ ಹೇಳುತ್ತದೆ. ವಿಷಯ ತಿಳಿದ ಕೂಡಲೇ ನಾನು ನಮ್ಮ ಕ್ಯಾಂಟನ್‌ನ, ಅಂದರೆ ಇಲ್ಲಿನ ರಾಜ್ಯದ, ಆಹಾರ ಪ್ರಯೋಗಾಲಯಕ್ಕೆ ತಿಳಿಸಿ, ಮಾರಿದ ಬಾಟಲಿಗಳನ್ನು ವಾಪಸ್ ಕರೆದಿದ್ದೇನೆ.

ಅಲ್ಲಿ ಇನ್ನೊಂದು ತೊಡಕು ಎದುರಾಯಿತು. ಗೋಧಿ ಇರುವುದು ಹೊಸ ಲಾಟ್‌ನಲ್ಲಿ ಮಾತ್ರ. ಹಳೇ ಲಾಟ್‌ನ ಬಾಟಲಿಗಳೂ ಕಪಾಟಿನಲ್ಲಿ ಪಕ್ಕದಲ್ಲೇ ಇದ್ದವು, ಅವುಗಳನ್ನು ಉಳಿಸಿಕೊಳ್ಳಬಹುದಿತ್ತು. ಆದರೆ ಯಾವುದು ಹಳೇದು, ಯಾವುದು ಹೊಸದು? ಜರ್ಮನ್ ಚೀಟಿಯನ್ನು ನೀವು ಲಾಟ್ ನಂಬರಿನ ಮೇಲೆಯೇ ಅಂಟಿಸಿದ್ದೀರಿ. ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನಿಧಾನಕ್ಕೆ ಎಳೆದರೂ ನಂಬರಿನ ಶಾಯಿ ಚೀಟಿಯ ಅಂಟಿಗೆ ಹತ್ತಿಕೊಂಡು ಕಿತ್ತು ಬರುತ್ತದೆ. ಬಾಟಲಿಯ ಮೇಲೆ ಉಳಿಯುವುದು ಎಣ್ಣೆ ಜಿಡ್ಡಿನ ಒಂದು ಬೂದು ಗುರುತು ಮಾತ್ರ. ಹೀಗಾಗಿ ಒಳ್ಳೆಯ ಬಾಟಲಿಗಳನ್ನೂ ಹಿಂದಕ್ಕೆ ತೆಗೆಯಬೇಕಾಯಿತು. ನಷ್ಟ ದೊಡ್ಡದಾಗಿದ್ದು ಇದರಿಂದಲೇ.

‘ಹಾಗಾದರೆ ವಾಪಸ್ ಕಳಿಸಿಬಿಡಿ’ ಎಂದೂ ಹೇಳಿದ್ದೀರಿ. ಈ ದೇಶಕ್ಕೆ ಸಮುದ್ರವಿಲ್ಲ. ಹಡಗಿನ ಸರಕು ರಾಟರ್‌ಡ್ಯಾಮಿನಲ್ಲಿ ಇಳಿದು, ರೈನ್ ನದಿಯಲ್ಲಿ ದೋಣಿ ಏರಿ ಬಾಸೆಲ್‌ಗೆ ಬಂದು, ಅಲ್ಲಿಂದ ಲಾರಿಯಲ್ಲಿ ನಮ್ಮೂರಿಗೆ ಬರುತ್ತದೆ. 2018 ಮತ್ತು 2022ರಲ್ಲಿ ಆದಂತೆ ನದಿಯಲ್ಲಿ ನೀರು ಇಳಿದರೆ ದೋಣಿಗಳು ಅರ್ಧಂಬರ್ಧ ತುಂಬಿಕೊಂಡು ಓಡುತ್ತವೆ, ಬಾಡಿಗೆ ಏರುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದ ಮೇಲೆ ಹಡಗುಗಳು ಆಫ್ರಿಕಾದ ತುದಿ ಸುತ್ತಿ ಬರತೊಡಗಿ ದಾರಿ ಇನ್ನೂ ಉದ್ದವಾಯಿತು. ಅದರ ಮೇಲೆ ಇಲ್ಲಿ ಸುಂಕವನ್ನು ಹಾಕುವುದು ಒಟ್ಟು ತೂಕಕ್ಕೆ. ಗೊಜ್ಜಿಗಷ್ಟೇ ಅಲ್ಲ, ಗಾಜಿಗೆ, ಮುಚ್ಚಳಕ್ಕೆ, ರಟ್ಟಿಗೂ ಕಟ್ಟುತ್ತೇನೆ. ಆಮೇಲೆ ಶೇ. 2.6ರಷ್ಟು ವ್ಯಾಟ್. ಇಷ್ಟೆಲ್ಲ ಖರ್ಚು ಮಾಡಿ ತಂದದ್ದನ್ನು ವಾಪಸ್ ಕಳಿಸುವ ಬಾಡಿಗೆಯಲ್ಲಿ ಹೊಸ ಸರಕನ್ನೇ ತರಿಸಬಹುದು.

ಭಾರತ ಮತ್ತು ಸ್ವಿಟ್ಜರ್ಲೆಂಡ್ ಸೇರಿರುವ ಎಫ್ಟಾ ಕೂಟದ ದೇಶಗಳ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ, ಇನ್ನು ಜಾಸ್ತಿ ಸರಕು ಕಳಿಸುತ್ತೇವೆ ಅಂತ ನಿಮ್ಮ ಮಾರಾಟ ವಿಭಾಗ ನನಗೆ ಬರೆದಿತ್ತು. ಸಂತೋಷ. ಆ ಒಪ್ಪಂದ ಸುಂಕದಲ್ಲಿ ನೆರವಾಗಬಹುದು. ಚೀಟಿ ಸರಿಯಿಲ್ಲದ ಬಾಟಲಿಯನ್ನು ಕಪಾಟಿಗೆ ಏರಿಸಲು ಅದರಿಂದ ಆಗುವುದಿಲ್ಲ.

ನಾನು ಕೇಳುವುದು ಇಷ್ಟು. ಹಿಂದಕ್ಕೆ ತೆಗೆದ ಎಲ್ಲ ಬಾಟಲಿಗಳ ಬೆಲೆ, ಅವುಗಳ ಸಾಗಣೆ, ಸುಂಕ ಮತ್ತು ಗಿರಾಕಿಗಳಿಗೆ ನಾನು ಮರಳಿಸಿದ ಹಣವನ್ನು ನೀವು ಭರಿಸಬೇಕು. ಪ್ರಯೋಗಾಲಯದವರು ಒಪ್ಪಿದರೆ ಗೋಧಿಯ ಹೆಸರಿರುವ ಹೊಸ ಚೀಟಿಯನ್ನು ಇಲ್ಲೇ ಅಂಟಿಸಿ ಮಾರಲು ಪ್ರಯತ್ನಿಸುತ್ತೇನೆ, ಅದರ ಖರ್ಚೂ ನಿಮ್ಮದೇ. ಮುಂದೆ ಯಾವುದೇ ಪದಾರ್ಥ ಬದಲಾದರೂ ಸರಕು ತುಂಬುವ ಮೊದಲೇ ನನಗೆ ಬರೆದು ತಿಳಿಸಬೇಕು. ಲಾಟ್ ನಂಬರು ಮತ್ತು ದಿನಾಂಕ ಚೀಟಿಯ ಅಡಿಗೆ ಹೋಗಬಾರದು. ಅಕ್ಕಿ ಹಿಟ್ಟಿನ ಇಂಗು ಸಿಗದಿದ್ದರೆ ಗೋಧಿಯದ್ದೇ ಹಾಕಿ, ಆದರೆ ಹೇಳಿ ಹಾಕಿ.

ನಿಮ್ಮ ಗೊಜ್ಜು ರುಚಿಯಾಗಿದೆ. ಇಲ್ಲಿನ ಕನ್ನಡಿಗರ ಜೊತೆ ಶ್ರೀಲಂಕಾದ ತಮಿಳರೂ, ಸ್ವಿಸ್ ಜನರೂ ಕೇಳಿ ಒಯ್ಯುತ್ತಾರೆ. ಅದಕ್ಕೇ ವ್ಯಾಪಾರ ಮುರಿದುಕೊಳ್ಳದೆ ಈ ಪತ್ರ ಬರೆಯುತ್ತಿದ್ದೇನೆ. ಉತ್ತರ ಫೋನಿನಲ್ಲಿ ಬೇಡ, ಸಹಿ ಹಾಕಿದ ಪತ್ರವೇ ಬೇಕು. ಇಂಗು ಯಾವ ಲಾಟ್‌ನಿಂದ ಬದಲಾಯಿತು ಎಂಬುದು ಅದರಲ್ಲಿರಲಿ. ಪ್ರಯೋಗಾಲಯದವರು ಅದನ್ನು ಕೇಳಿದ್ದಾರೆ.

ಇಂತಿ,
ವಿಂಟರ್‌ಥೂರ್‌ನ ನಿಮ್ಮ ಆಮದುದಾರ

ಜೊತೆಗೆ: ಹಳೇ ಮತ್ತು ಹೊಸ ಪದಾರ್ಥಗಳ ಪಟ್ಟಿ, ಚೀಟಿ ಕಿತ್ತ ಬಾಟಲಿಯ ಫೋಟೊಗಳು, ಸುಂಕದ ರಸೀದಿ