ಹನ್ನೊಂದು ವರ್ಷಗಳ ಧೂಳು ತೊಳೆಸಿದವರಿಗೆ

ಈ ಪಾಸ್ಖ (ಈಸ್ಟರ್) ಹಬ್ಬದ ಮಧ್ಯಾಹ್ನ ನಾನು ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅಪ್ಪ ತೀರಿಕೊಂಡ ಮೇಲೆ ಜಮೀನಿನ ಪಾಲಿನ ವಿಷಯದಲ್ಲಿ ಮಾತು ಬಿಟ್ಟ ನಾವು ಹನ್ನೊಂದು ವರ್ಷ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿದಿರಲಿಲ್ಲ. ಆ ದಿನದವರೆಗೆ ನನ್ನನ್ನು ಕೈಹಿಡಿದು ತಂದವರೆಲ್ಲರಿಗೂ ಬಹಿರಂಗವಾಗಿಯೇ ಕೃತಜ್ಞತೆ ಹೇಳಬೇಕೆನಿಸಿದೆ; ಏಕೆಂದರೆ ನಾನು ತಪ್ಪು ಮಾಡಿದ್ದೂ ನಾಲ್ಕು ಜನರ ಎದುರಿನಲ್ಲೇ.

ಮೊದಲ ವಂದನೆ ನಮ್ಮ ಧರ್ಮಕೇಂದ್ರದ ಗುರುಗಳಿಗೆ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟು ಮಾಡಿದ ಬೂದಿಯನ್ನು ಪ್ರತಿ ವಿಭೂತಿ ಬುಧವಾರ ಹಣೆಗೆ ಹಚ್ಚಿಸಿಕೊಂಡು, ಶುಕ್ರವಾರಗಳಲ್ಲಿ ಮಾಂಸ ಬಿಟ್ಟು, ಯೇಸುವಿನ ಯಾತನೆಯನ್ನು ನೆನೆಯುವ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಲ್ಲೂ ಮೊಣಕಾಲೂರುತ್ತಿದ್ದ ನಾನು, ಪಾಸ್ಖಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲವನ್ನು ಚೆನ್ನಾಗಿ ಆಚರಿಸುವವನೆಂದೇ ನಂಬಿದ್ದೆ. ಈ ಬಾರಿ ಗುರುಗಳ ಮುಂದೆ ತಪ್ಪುಗಳನ್ನು ಹೇಳಿಕೊಳ್ಳುವ ಪಾಪನಿವೇದನೆಯಲ್ಲಿ ಅವರು ಉಪವಾಸವನ್ನು ಹೆಚ್ಚಿಸಲು ಹೇಳಲಿಲ್ಲ. ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಆತ್ಮಶೋಧನೆ ಮಾಡಿ, ಕಂಡದ್ದನ್ನು ಒಂದೇ ಸಾಲಿನಲ್ಲಿ ಬರೆದಿಡಲು ಹೇಳಿದರು. ಹದಿನಾರನೆಯ ಶತಮಾನದಲ್ಲಿ ಲೊಯೋಲಾದ ಸಂತ ಇಗ್ನೇಷಿಯಸ್ ತಮ್ಮ ಸಂಗಡಿಗರಿಗೆ ಕಲಿಸಿದ ಕ್ರಮವದು. ಅದು ಪಾಪಗಳ ಲೆಕ್ಕದಿಂದ ಆರಂಭವಾಗುವುದಿಲ್ಲ, ದಿನದಲ್ಲಿ ದೊರೆತದ್ದಕ್ಕೆ ದೇವರಿಗೆ ಸಲ್ಲಿಸುವ ಕೃತಜ್ಞತೆಯಿಂದ ಆರಂಭವಾಗುತ್ತದೆ; ತನ್ನನ್ನು ನೋಡಿಕೊಳ್ಳಲು ಬೇಕಾದ ಬೆಳಕನ್ನು ಬೇಡುವುದು ಆಮೇಲೆ.

ನನ್ನ ನೋಟುಪುಸ್ತಕದಲ್ಲಿ ಒಂಬತ್ತು ರಾತ್ರಿ ಒಂದೇ ಸಾಲಿದೆ: ‘ಅಣ್ಣನ ಮಗಳ ಮದುವೆ ಗೊತ್ತಾಯಿತೆಂದು ಕೇಳಿ ಹೊಟ್ಟೆಯುರಿಯಿತು.’ ಹತ್ತನೆಯ ರಾತ್ರಿ ಬೇರೆಯದನ್ನು ಬರೆದೆ. ಅಪ್ಪನ ಹೆಬ್ಬೆಟ್ಟನ್ನು ಅಣ್ಣ ಮೋಸದಿಂದ ಒತ್ತಿಸಿಕೊಂಡನೆಂದು ನಾಲ್ಕು ಮನೆಗಳಲ್ಲಿ ನಾನು ಹೇಳಿದ್ದೆ. ಅದು ನಿಜವೆನ್ನಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಬರೆದ ಮೇಲೆ ಬಹಳ ಹೊತ್ತು ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ. ಪಕ್ಕದಲ್ಲಿ ಜಪಸರ ಹಿಡಿದು ಎಚ್ಚರವಾಗಿಯೇ ಇದ್ದು, ಏನು ಬರೆದೆಯೆಂದು ಒಂದು ದಿನವೂ ಕೇಳದ ನನ್ನ ಹೆಂಡತಿಗೆ ನನ್ನ ಎರಡನೆಯ ವಂದನೆ.

ಮತ್ತೆ ಪಾಪನಿವೇದನೆಗೆ ಹೋದಾಗ ಗುರುಗಳು, ಕ್ಷಮೆ ದೇವರ ದಾನ, ಆದರೆ ಕೆಡಿಸಿದ ಹೆಸರನ್ನು ಸರಿಪಡಿಸುವ ಹೊಣೆ ನಿಮ್ಮದು, ಮಾತು ಆಡಿದ ಮನೆಗಳಿಗೇ ಹೋಗಿ ಹಿಂತೆಗೆದುಕೊಳ್ಳಿ ಎಂದರು. ನಾನು ಬಲ್ಲ ಪ್ರಾಯಶ್ಚಿತ್ತಗಳಲ್ಲಿ ಇದರಷ್ಟು ಕಠಿಣವಾದದ್ದು ಇನ್ನೊಂದಿಲ್ಲ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂಬ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ ಮಾತನ್ನು ಎಷ್ಟೋ ಭಾನುವಾರ ಕೇಳಿದ್ದ ನನಗೆ, ಅದು ಬಸ್ಸು ಹತ್ತಿ ಮಾಡಬೇಕಾದ ಕೆಲಸವೆಂದು ಹೊಳೆದಿರಲಿಲ್ಲ.

ಮೂರು ಮನೆಗಳವರು ನನ್ನ ಮಾತನ್ನು ಅಡ್ಡ ಬಾಯಿ ಹಾಕದೆ ಕೇಳಿಸಿಕೊಂಡರು. ಅವರಿಗೆ ನಾನು ಋಣಿ.

ಪವಿತ್ರ ಗುರುವಾರ ಸಂಜೆ ಊರಿನ ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಯೇಸು ಶಿಷ್ಯರ ಪಾದ ತೊಳೆದುದರ ನೆನಪಿಗೆ ಅಂದು ಪಾದ ತೊಳೆಸಿಕೊಳ್ಳುವ ಹನ್ನೆರಡು ಜನರಲ್ಲಿ ಅಣ್ಣನೂ ಒಬ್ಬನಾಗಿದ್ದ. ಉಜ್ಜಿ ತೊಳೆದು ಬಂದಿದ್ದರೂ ಅವನ ಹಿಮ್ಮಡಿಯ ಬಿರುಕುಗಳಲ್ಲಿ ಹೊಲದ ಕೆಮ್ಮಣ್ಣು ಗೆರೆಗೆರೆಯಾಗಿ ಉಳಿದಿತ್ತು. ಗುರುಗಳು ಬಾಗಿ ನೀರೆರೆದಾಗ ಬೋಗುಣಿಯ ನೀರು ತುಸು ಕೆಂಪಾಯಿತು. ಸ್ನಾನ ಮಾಡಿದವನು ಕಾಲು ತೊಳೆದುಕೊಂಡರೆ ಸಾಕು ಎಂದು ಯೇಸು ಪೇತ್ರನಿಗೆ ಹೇಳಿದ್ದು ನನಗೆ ಅರ್ಥವಾದದ್ದು ಆಗ. ದೀಕ್ಷಾಸ್ನಾನ ಒಮ್ಮೆ ಆಗಿದೆ. ನಡೆದಾಡುವ ಕಾಲಿಗೆ ಮಾತ್ರ ದಿನವೂ ಧೂಳು ಹತ್ತುತ್ತದೆ. ಹೊಲದಿಂದ ಬಂದ ಅಪ್ಪ ಕಾಲು ತೊಳೆಯದೆ ಒಂದು ದಿನವೂ ಒಳಗೆ ಕಾಲಿಟ್ಟವರಲ್ಲ. ನಾನು ಹನ್ನೊಂದು ವರ್ಷದ ಧೂಳಿನಲ್ಲೇ ದೇವರ ಮನೆಯೊಳಗೆ ಓಡಾಡಿದ್ದೆ.

ಪೂಜೆ ಮುಗಿದ ಮೇಲೆ ಅಣ್ಣನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿ, ನಾನು ಹೇಳಿದ್ದು ಸುಳ್ಳು ಎಂದೆ. ‘ಗೊತ್ತು, ಭಾನುವಾರ ಊಟಕ್ಕೆ ಬಾ’ ಎಂದ ಅಣ್ಣನಿಗೆ, ನನ್ನ ಹೆಂಡತಿ ಮಕ್ಕಳಿಗೂ ಎಲೆ ಹಾಕಿ ಕಾದಿದ್ದ ಅತ್ತಿಗೆಗೆ ಏನು ಹೇಳಿದರೂ ಸಾಲದು.

ನಾಲ್ಕನೆಯ ಮನೆಯ ದೊಡ್ಡಮ್ಮ ಎರಡು ವರ್ಷದ ಹಿಂದೆಯೇ ತೀರಿಕೊಂಡಿದ್ದಾರೆ. ಅಣ್ಣನ ಬಗ್ಗೆ ನಾನು ಹೇಳಿದ್ದನ್ನೇ ನಂಬಿಕೊಂಡು ಅವರು ಹೋದರು. ಹಬ್ಬದ ಮರುದಿನ ಅವರ ಸಮಾಧಿಯ ಬಳಿ ಮೇಣದಬತ್ತಿ ಹಚ್ಚಿ, ಅಲ್ಲಿಂದ ಅವರ ಮಗನ ಮನೆಗೆ ಹೋಗಿ, ತಾಯಿಗೆ ಹೇಳಬೇಕಿದ್ದುದನ್ನು ಅವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನನ್ನು ಕೂರಿಸಿ ಕಾಫಿ ತರಿಸಿದರು. ಆ ಕಾಫಿಗೂ ನನ್ನ ವಂದನೆ.