ಮಿಡಿ ಪುಸ್ತಕದ ಜಾಗ ಬದಲಾಗುತ್ತಿದೆ

ಸಾಗರ, ಶಿವಮೊಗ್ಗ ಜಿಲ್ಲೆ

ಆತ್ಮೀಯ ಗ್ರಾಹಕ ಬಂಧುಗಳೇ,

ನಮಸ್ಕಾರ. ಉಪ್ಪಿನಕಾಯಿಯ ಬೆಲೆಯಾಗಲಿ, ಫೋನಿನಲ್ಲಿ ಬೇಡಿಕೆ ಕೊಡುವ ಕ್ರಮವಾಗಲಿ ಬದಲಾಗುತ್ತಿಲ್ಲ. ಬದಲಾಗುತ್ತಿರುವುದು ನೀವೂ ನಾವೂ ಸೇರಿ ಅಂತರ್ಜಾಲದಲ್ಲಿ ಬರೆಯುತ್ತ ಬಂದಿರುವ ‘ಮಿಡಿ ಪುಸ್ತಕ’ದ ಜಾಗ. ಮುಂದಿನ ತಿಂಗಳಿನಿಂದ ಅದು ನೆಕ್ಸ್ಟ್‌ಕ್ಲೌಡ್ ಎಂಬ ಮುಕ್ತ ತಂತ್ರಾಂಶದಲ್ಲಿ, ನಮ್ಮ ಬೆಳೆಗಾರರ ಸಂಘವೇ ಬಾಡಿಗೆಗೆ ಪಡೆದ ಸರ್ವರ್‌ನಲ್ಲಿ ಇರುತ್ತದೆ.

ಹೊಸಬರಿಗಾಗಿ ಒಂದು ಮಾತು. ವರದಾ, ಶರಾವತಿ ಕಡೆಯ ಅಪ್ಪೆ ಎಂಬ ಮಾವಿನ ಮರಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಒಂದರ ಮಿಡಿಗೆ, ಅಂದರೆ ಎಳೆಗಾಯಿಗೆ ಜೀರಿಗೆಯ ಪರಿಮಳ, ಇನ್ನೊಂದಕ್ಕೆ ಸೊನೆ ಹೆಚ್ಚು, ಮತ್ತೊಂದು ಉಪ್ಪುನೀರಿನಲ್ಲಿ ವರ್ಷ ಕಳೆದರೂ ಮೆತ್ತಗಾಗದು. ಯಾವ ಮರ ಯಾವಾಗ ಹೂ ಬಿಟ್ಟಿತು, ಕೊಂಬೆ ಕಡಿಯದೆ ಕೊಯ್ದರೇ ಎಂಬುದನ್ನು ಈ ಪುಸ್ತಕದಲ್ಲಿ ಬೆಳೆಗಾರರು ಬರೆಯುತ್ತಾರೆ. ಭರಣಿ ತೆರೆದಾಗ ಪರಿಮಳ ಉಳಿದಿತ್ತೇ, ಮಿಡಿ ಗಟ್ಟಿಯಾಗಿತ್ತೇ ಎಂಬುದನ್ನು ನೀವು ಬರೆಯುತ್ತೀರಿ. ಯಾವ ಮರದ ಕುಡಿಯನ್ನು ಕಸಿಗೆ ತೆಗೆಯಬೇಕೆಂದು ನಾವು ನಿರ್ಧರಿಸುವುದು ಇವೆರಡನ್ನೂ ಜೊತೆಗಿಟ್ಟು ಓದಿದ ಮೇಲೆಯೇ.

ಕಳೆದ ಮಳೆಗಾಲದಲ್ಲಿ ಹನ್ನೊಂದು ದಿನ ಈ ಪುಸ್ತಕ ನಮಗೇ ಕಾಣಲಿಲ್ಲ. ಉಚಿತ ಸೇವೆ ಕೊಡುತ್ತಿದ್ದ ಕಂಪನಿ ನಮ್ಮ ಖಾತೆಯನ್ನು ತಡೆಹಿಡಿದಿತ್ತು. ಕಾರಣ ಕೇಳಿದರೆ ಪ್ರತಿ ಸಲವೂ ಯಂತ್ರ ಕಳುಹಿಸಿದ ಅದೇ ನಾಲ್ಕು ಸಾಲು. ಖಾತೆ ಮರಳಿದ ಮೇಲೆ ಎಲ್ಲವನ್ನೂ ಇಳಿಸಿಕೊಳ್ಳಲು ಹೋದೆವು. ಚಿತ್ರಗಳು ಬಂದವು, ಚಿತ್ರಗಳ ಕೆಳಗೆ ನೀವು ಬರೆದಿದ್ದ ಮಾತುಗಳು ಬರಲಿಲ್ಲ. ಕಚೇರಿಯ ಇಬ್ಬರು ಕುಳಿತು ಅವನ್ನು ಒಂದೊಂದಾಗಿ ನಕಲು ಮಾಡಿದರು. ನಿಮ್ಮ ಮಾತನ್ನು ಇಂಥ ಕಡೆ ಇಟ್ಟಿದ್ದು ನಮ್ಮ ತಪ್ಪು.

ನೆಕ್ಸ್ಟ್‌ಕ್ಲೌಡ್ 2016ರಲ್ಲಿ ಓನ್‌ಕ್ಲೌಡ್ ಎಂಬ ತಂತ್ರಾಂಶದಿಂದ ಕವಲೊಡೆದದ್ದು. ಓನ್‌ಕ್ಲೌಡ್ ಆರಂಭಿಸಿದ್ದ ಜರ್ಮನಿಯ ಫ್ರಾಂಕ್ ಕಾರ್ಲಿಚೆಕ್ ಅವರೇ ಅದರಿಂದ ಹೊರಬಂದು ಸಂಗಡಿಗರೊಂದಿಗೆ ಇದನ್ನು ಕಟ್ಟಿದರು. ತಂತ್ರಾಂಶವನ್ನು ಬರೆದ ಮೂಲ ಸಂಕೇತ ಎಲ್ಲರಿಗೂ ತೆರೆದಿದ್ದರಿಂದಲೇ ಅದು ಸಾಧ್ಯವಾಯಿತು. ಇದರ ಎಜಿಪಿಎಲ್ ಪರವಾನಗಿಯಡಿ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ತಿದ್ದಿದ್ದನ್ನು ಜಾಲದ ಮೂಲಕ ಇತರರ ಬಳಕೆಗೆ ಕೊಟ್ಟರೆ ತಿದ್ದಿದ ಸಂಕೇತವನ್ನೂ ಅವರಿಗೆ ಒದಗಿಸಬೇಕು. ನಮ್ಮ ಸದಸ್ಯರಲ್ಲಿ ಒಳ್ಳೆಯ ಮಿಡಿಯ ಮರವಿರುವವರು ಕುಡಿ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಆಡಳಿತ ಮಂಡಳಿಯ ಹಿರಿಯರಿಗೆ ಈ ಪರವಾನಗಿ ಅರ್ಥವಾದದ್ದು ಹಾಗೆ ಹೇಳಿದಾಗಲೇ. ಸರ್ವರ್ ಕೊಟ್ಟವರು ನಾಳೆ ಸರಿಬರದಿದ್ದರೆ ಪುಸ್ತಕವನ್ನು ಇಡಿಯಾಗಿ ಬೇರೆ ಕಡೆಗೆ ಒಯ್ಯುತ್ತೇವೆ.

ಮುಕ್ತ ಎಂದರೆ ಖರ್ಚಿಲ್ಲದ್ದು ಎಂದಲ್ಲ. ಸರ್ವರ್ ಬಾಡಿಗೆಯನ್ನೂ ನೋಡಿಕೊಳ್ಳುವವರ ಸಂಬಳವನ್ನೂ ಸಂಘ ಭರಿಸುತ್ತದೆ. ಪ್ರತಿ ರಾತ್ರಿ ಒಂದು ಪ್ರತಿ ಬೇರೆಡೆ ಉಳಿಯುತ್ತದೆ. ವಾರಕ್ಕೊಮ್ಮೆ ಇನ್ನೊಂದು ಪ್ರತಿಯನ್ನು ಡಿಸ್ಕಿಗೆ ತುಂಬಿ, ಸಿಡಿಲಿನ ಭಯಕ್ಕೆ ತಂತಿ ಕಳಚಿ ಕಪಾಟಿನಲ್ಲಿ ಇಡುತ್ತೇವೆ. ಕಡತಗಳು ಬೆಳೆಗಾರರ ಕಂಪ್ಯೂಟರಿನಲ್ಲೂ ಇರುವುದರಿಂದ ನೆಟ್‌ವರ್ಕ್ ಹೋದಾಗಲೂ ಬರೆಯಬಹುದು, ಮರಳಿದಾಗ ತಾನಾಗಿ ಸೇರಿಕೊಳ್ಳುತ್ತದೆ. ಆಷಾಢದಲ್ಲಿ ಇದು ಎಷ್ಟು ದೊಡ್ಡ ಅನುಕೂಲವೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಕೆಲವು ತೊಡಕುಗಳಿವೆ. ನಾಲ್ಕಾರು ಜನ ಒಂದೇ ಕಡತ ತಿದ್ದುವಾಗ ಹಳೆಯದರಷ್ಟು ಚುರುಕಿಲ್ಲ. ಕೆಲವು ಆಯ್ಕೆಗಳು ಇನ್ನೂ ಇಂಗ್ಲಿಷಿನಲ್ಲೇ ಇವೆ. ಯೂನಿಕೋಡ್‌ಗೆ ಮೊದಲಿನ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿದ್ದ ಬರಹಗಳನ್ನು ಪರಿವರ್ತಿಸುವಾಗ ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿದೆ. ನಿಮ್ಮ ಬರಹವನ್ನು ಒಮ್ಮೆ ಓದಿ ತಿದ್ದಿಕೊಡಿ.

ನಿಮಗೆ ಬರುವ ಇಮೇಲಿನ ಕೊಂಡಿ ಒತ್ತಿ ಹೊಸ ಗುಪ್ತಪದ ಇಟ್ಟುಕೊಳ್ಳಿ. ಹಳೆಯ ಜಾಗ ಯುಗಾದಿಯವರೆಗೆ ಓದಲು ಮಾತ್ರ ಇರುತ್ತದೆ, ಆಮೇಲೆ ಅಳಿಸುತ್ತೇವೆ. ನಿಮ್ಮ ವಿಳಾಸ, ಫೋನ್ ಸಂಖ್ಯೆ ಈ ಪುಸ್ತಕದಲ್ಲಿ ಇರುವುದಿಲ್ಲ. ನಿಮ್ಮ ಬರಹ ಹೊಸ ಜಾಗಕ್ಕೆ ಬರುವುದು ಬೇಡವೆನಿಸಿದರೆ ತಿಳಿಸಿ, ತೆಗೆಯುತ್ತೇವೆ. ಎಲ್ಲಾದರೂ ಸಿಕ್ಕಿಕೊಂಡರೆ ಮಧ್ಯಾಹ್ನ ಮೂರರಿಂದ ಐದರೊಳಗೆ ಕಚೇರಿಗೆ ಫೋನ್ ಮಾಡಿ; ಒಬ್ಬರು ಇದಕ್ಕೆಂದೇ ಕುಳಿತಿರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ