ಡಿಸೆಂಬರ್ 18 ಕಾರವಾರಕ್ಕೆ ಯಾಕೆ ನೆನಪಿಲ್ಲ?

ಸಂಪಾದಕರಿಗೆ ನಮಸ್ಕಾರ,

ಸ್ವತಂತ್ರ ಭಾರತದ ಯುದ್ಧಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. 1962, 1965, 1971, ಕಾರ್ಗಿಲ್, ಎಲ್ಲಾ ಇತ್ತು. ಆದರೆ 1947-48ರ ಕಾಶ್ಮೀರ ಯುದ್ಧ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. 1967ರಲ್ಲಿ ನಾಥು ಲಾದಲ್ಲಿ ಚೀನಾದವರ ಜೊತೆ ನಡೆದ ಕಾಳಗದ ಸುದ್ದಿ ಇಲ್ಲ. ಪೋರ್ಚುಗೀಸರ ಕೈಯಿಂದ ಗೋವಾ ಬಿಡಿಸಿದ 1961ರ ಕಾರ್ಯಾಚರಣೆಯಂತೂ ಇಲ್ಲವೇ ಇಲ್ಲ. ಬೇರೆಯವರು ಬಿಟ್ಟರೆ ಬಿಡಲಿ, ಕಾರವಾರಕ್ಕೂ ಬರುವ ಪತ್ರಿಕೆ ಅದನ್ನು ಬಿಡಬಾರದಿತ್ತು. ಯಾಕೆಂದರೆ ಆ ಯುದ್ಧದಲ್ಲಿ ನಮ್ಮ ನೌಕಾಪಡೆಯವರು ಪ್ರಾಣ ಕೊಟ್ಟಿದ್ದು ನಮ್ಮ ದಡದ ಎದುರಿಗೇ.

ಕಾರವಾರದ ಬಿಣಗಾ, ಅರ್ಗಾ ಕಡೆಯಿಂದ ಸಮುದ್ರಕ್ಕೆ ಮುಖ ಮಾಡಿ ನಿಂತರೆ ಅಂಜುದೀವ್ ನಡುಗಡ್ಡೆ ಇದೆ. 1498ರಲ್ಲಿ ವಾಸ್ಕೋ ಡ ಗಾಮಾ ಅಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. ದೇಶಕ್ಕೆ ಸ್ವಾತಂತ್ರ್ಯ ಬಂದು 14 ವರ್ಷ ಕಳೆದರೂ ಅಲ್ಲಿ ಅವರದೇ ಸೈನಿಕರಿದ್ದರು. ಸ್ವಲ್ಪ ಯೋಚನೆ ಮಾಡಿ, ನಮ್ಮ ಮೀನುಗಾರರು ಬಲೆ ಬೀಸುವ ನೀರಿನ ಪಕ್ಕದಲ್ಲೇ ಬೇರೆ ದೇಶದ ಬಂದೂಕು. 1961ರ ನವೆಂಬರ್‌ನಲ್ಲಿ ಆ ನಡುಗಡ್ಡೆಯಿಂದ ಸಾಬರಮತಿ ಎಂಬ ಹಡಗಿನ ಮೇಲೆ ಗುಂಡು ಹಾರಿತು, ಮೀನುಗಾರರ ದೋಣಿಯ ಮೇಲೂ ಹಾರಿತು, ಜೀವವೂ ಹೋಯಿತು. ದೆಹಲಿ ಕೊನೆಗೂ ಸೈನ್ಯ ಇಳಿಸಲು ಮನಸ್ಸು ಮಾಡಿದ್ದರಲ್ಲಿ ಈ ಘಟನೆಯ ಪಾಲೂ ಇದೆ. ಗೋವಾ ವಿಮೋಚನೆ ಅಂದ ಕೂಡಲೇ ಪಣಜಿಯ ಚಿತ್ರ ಹಾಕುತ್ತಾರೆ. ಕಾರವಾರದ ಮೀನುಗಾರರ ದೋಣಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಡಿಸೆಂಬರ್ 18ರ ಬೆಳಿಗ್ಗೆ ಐಎನ್ಎಸ್ ಮೈಸೂರು ಮತ್ತು ಐಎನ್ಎಸ್ ತ್ರಿಶೂಲ್ ಹಡಗುಗಳು ಅಂಜುದೀವ್ ಹತ್ತಿರ ಬಂದವು. ಹೌದು, ನಮ್ಮ ಮೈಸೂರಿನ ಹೆಸರನ್ನೇ ಇಟ್ಟುಕೊಂಡ ಹಡಗು. ಹಡಗಿನಿಂದ ದಡಕ್ಕೆ ಇಳಿದು ಹೋರಾಡುವುದಕ್ಕೆ ಅಂತಲೇ ಪಳಗಿದ ತುಕಡಿ ಆಗ ನಮ್ಮ ನೌಕಾಪಡೆಯಲ್ಲಿ ಇರಲಿಲ್ಲ. ಹೋದವರು ನಾವಿಕರು. ಹಡಗಿನ ಕೆಲಸ ಕಲಿತವರು ಅವತ್ತು ಬಂದೂಕು ಹಿಡಿದು ದೋಣಿಯಲ್ಲಿ ಕೂತರು. ಲೆಫ್ಟಿನೆಂಟ್ ಅರುಣ್ ಆಡಿಟ್ಟೊ ಮುಂದಾಳತ್ವದಲ್ಲಿ ಮೊದಲ ತಂಡ ದಡ ಮುಟ್ಟಿತು. ನಡುಗಡ್ಡೆಯ ಮೇಲೆ ಬಿಳಿ ಬಾವುಟ ಕಂಡಿತ್ತು ಎಂದು ನಮ್ಮ ಕಡೆಯವರು ಹೇಳುತ್ತಾರೆ. ಆದರೂ ಎರಡನೇ ತಂಡ ದಡಕ್ಕೆ ಬರುತ್ತಿದ್ದಾಗ ಮೆಷಿನ್‌ಗನ್ ಗುಂಡು ಸುರಿಯಿತು. ತೆರೆದ ದೋಣಿ, ಸುತ್ತ ನೀರು, ಅಡಗಲು ಒಂದು ಬಂಡೆಯೂ ಇಲ್ಲ. ಆ ತಂಡವನ್ನು ಕರೆತಂದ ಲೆಫ್ಟಿನೆಂಟ್ ನೋಯಲ್ ಕೆಲ್ಮನ್ ಅವರಿಗೂ ಗುಂಡು ತಗುಲಿತು, ಅವರು ಬದುಕಿ ಉಳಿದರು. ಆಮೇಲೆ ಹಡಗಿನ ಫಿರಂಗಿಗಳು ಗುಡುಗಿದವು, ಮಧ್ಯಾಹ್ನದ ಹೊತ್ತಿಗೆ ನಡುಗಡ್ಡೆ ಹೆಚ್ಚು ಕಡಿಮೆ ನಮ್ಮ ಕೈಗೆ ಬಂತು, ಕೊನೆಯ ಕೆಲವರು ಮರುದಿನ ಸಿಕ್ಕಿಬಿದ್ದರು. ನಮ್ಮವರು 7 ನಾವಿಕರು ಸತ್ತರು. 19 ಜನರಿಗೆ ಗಾಯವಾಯಿತು.

ಈ 7 ಜನರ ಸ್ಮಾರಕ ಗೋವಾದ ಐಎನ್ಎಸ್ ಗೋಮಾಂತಕ ನೆಲೆಯಲ್ಲಿದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಅವರ ಬಗ್ಗೆ ಒಂದು ಫಲಕವನ್ನೂ ನಾನು ಕಂಡಿಲ್ಲ. ಅಲ್ಲೇ ಚಪಲ್ ಯುದ್ಧನೌಕೆಯ ಮ್ಯೂಸಿಯಂ ಇದೆ, ರಜೆ ಬಂದರೆ ಶಾಲೆ ಮಕ್ಕಳ ಬಸ್ಸು ಸಾಲುಗಟ್ಟಿ ನಿಂತಿರುತ್ತದೆ. ಮಕ್ಕಳು ಕ್ಷಿಪಣಿ ಕೊಳವೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ದಕ್ಷಿಣಕ್ಕೆ ಕೈ ತೋರಿಸಿ, ಮಕ್ಕಳೇ, ಆ ಕಡೆ ನಿಜವಾಗಿ ಯುದ್ಧ ನಡೆದಿತ್ತು ಅಂತ ಹೇಳುವವರು ಬೇಕಲ್ವಾ?

ಇದೇ ಜಾಗದಲ್ಲಿ ಮೇಜರ್ ರಾಮ ರಾಘೋಬಾ ರಾಣೆ ಅವರ ಪ್ರತಿಮೆಯೂ ಇದೆ. ನಿಮ್ಮ ಲೇಖನ ಒಂದೇ ಸಾಲಿನಲ್ಲಿ ಮುಗಿಸಿದ 1947-48ರ ಯುದ್ಧ ಅಂದರೆ ನಮಗೆ ಅವರೇ. ಚೆಂಡಿಯಾ ಮೂಲದವರು, ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದವರಲ್ಲಿ ಮೊದಲಿಗರು. 1948ರ ಏಪ್ರಿಲ್ 8ರಿಂದ 11ರವರೆಗೆ ನೌಶೇರಾದಿಂದ ರಾಜೌರಿ ಕಡೆಗೆ ಹೋಗುವ ದಾರಿಯಲ್ಲಿ ನೆಲಬಾಂಬು ತೆಗೆದು, ಅಡ್ಡ ಹಾಕಿದ ಮರಗಳನ್ನು ಸಿಡಿಸಿ, ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಮೊದಲ ದಿನವೇ ಅವರ ಜೊತೆಯ ಇಬ್ಬರು ಸತ್ತರು, ಅವರೂ ಸೇರಿ ಐವರಿಗೆ ಗಾಯವಾಯಿತು. ಎದುರಿನಿಂದ ಗುಂಡು ಬರುತ್ತಿದ್ದಾಗ ಟ್ಯಾಂಕಿನ ಅಡಿಗೆ ನುಸುಳಿ, ಅದು ಉರುಳಿದ ಹಾಗೆ ತಾವೂ ತೆವಳುತ್ತಾ, ಹಗ್ಗ ಜಗ್ಗಿ ಚಾಲಕನಿಗೆ ಸನ್ನೆ ಕೊಡುತ್ತಾ ಮುಂದೆ ಹೋದರು. ಒಂದು ಕಡೆ ತಪ್ಪಿದರೂ ಚಕ್ರದ ಅಡಿಗೆ ಸಿಗುವ ಕೆಲಸ ಅದು. ಪ್ರತಿಮೆಗೆ ಹಾರ ಹಾಕಿ ಸುಮ್ನೆ ಹೋಗುವವರಿಗೆ ಈ ಹಗ್ಗದ ಕಥೆ ಗೊತ್ತೇ?

ಈ ಯುದ್ಧಗಳನ್ನು ಯಾಕೆ ಮರೆಯುತ್ತೇವೆ ಅಂತ ನನಗೆ ಒಂದು ಅಂದಾಜಿದೆ. ದೇಶ ಆಗಷ್ಟೇ ಹುಟ್ಟಿತ್ತು. ಮನೆಮನೆಯಲ್ಲಿ ಟಿವಿ ಇರಲಿಲ್ಲ. ಗೋವಾ ಎರಡು ದಿನದೊಳಗೆ ಮುಗಿಯಿತು, ವರ್ಷ ತುಂಬುವ ಮೊದಲೇ ಚೀನಾ ಯುದ್ಧ ಬಂದು ಎಲ್ಲರ ಮನಸ್ಸನ್ನು ಆ ಕಡೆ ಎಳೆಯಿತು. ಸೋತ ನೋವಿನ ಮುಂದೆ ಈ ಸಣ್ಣ ಗೆಲುವು ಯಾರಿಗೆ ನೆನಪಿರುತ್ತದೆ? ಅಂಜುದೀವ್ ಮೇಲಿನ ಆಡಳಿತ ಗೋವಾದ್ದು, ಈಗ ಜಾಗ ನೌಕಾಪಡೆಯ ಸುಪರ್ದಿಯಲ್ಲಿದೆ. ಹಾಗಾಗಿ ಗೋವಾದವರಿಗೆ ಅದು ದೂರ, ನಮಗೆ ಅದು ಪರರಾಜ್ಯ. ನಡುವೆ ಆ 7 ಜನ ಯಾರಿಗೂ ಸೇರದೇ ಉಳಿದರು. ಇದು ನನಗೆ ತುಂಬಾ ಬೇಸರ ತರುವ ವಿಷಯ.

ಕಲಬುರಗಿ, ಬೀದರ್, ರಾಯಚೂರಿನವರು ಸೆಪ್ಟೆಂಬರ್ 17ಕ್ಕೆ ಬಾವುಟ ಹಾರಿಸಿ 1948ರ ಹೈದರಾಬಾದ್ ಕಾರ್ಯಾಚರಣೆಯನ್ನು ನೆನೆಯುತ್ತಾರೆ. ಗೋವಾದವರು ಡಿಸೆಂಬರ್ 19ಕ್ಕೆ ವಿಮೋಚನಾ ದಿನ ಮಾಡುತ್ತಾರೆ. ಮಾಜಾಳಿ ಗಡಿ ದಾಟಿದರೆ ಹಬ್ಬ, ಈಚೆ ಮಾಮೂಲಿ ದಿನ.

ನಮ್ಮದು ನೌಕಾನೆಲೆಯ ಊರು. ಆ ನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅರ್ಗಾ, ಬಿಣಗಾ, ಚೆಂಡಿಯಾದಂಥ ಊರಿನವರು ಮನೆ, ಗದ್ದೆ ಬಿಟ್ಟುಕೊಟ್ಟಿದ್ದಾರೆ, ಮೀನುಗಾರರು ಕಡಲು ಬಿಟ್ಟುಕೊಟ್ಟಿದ್ದಾರೆ. ಅಷ್ಟು ಕೊಟ್ಟ ಜನರಿಗೆ ತಮ್ಮ ಎದುರಿನ ನಡುಗಡ್ಡೆಯ ಕಥೆ ಗೊತ್ತಾಗಬೇಕು. ಜಿಲ್ಲಾಡಳಿತ ಮತ್ತು ನೌಕಾಪಡೆ ಸೇರಿ ಚಪಲ್ ಪಕ್ಕದಲ್ಲಿ ಕನ್ನಡ, ಕೊಂಕಣಿ ಎರಡರಲ್ಲೂ ಒಂದು ಫಲಕ ಹಾಕಲಿ. ಅದರಲ್ಲಿ 7 ನಾವಿಕರ ಹೆಸರೂ ಇರಲಿ, ನವೆಂಬರ್‌ನಲ್ಲಿ ಗುಂಡಿಗೆ ಗುರಿಯಾದ ಮೀನುಗಾರರ ದೋಣಿಯ ಸುದ್ದಿಯೂ ಇರಲಿ. ಇದಕ್ಕೆ ಜಾಸ್ತಿ ದುಡ್ಡೇನೂ ಬೇಡ. ಬರುವ ಡಿಸೆಂಬರ್ 18ರಂದು ನೀವು ನಿಮ್ಮ ಜಿಲ್ಲಾ ಪುಟದಲ್ಲಿ ಆ ಹೆಸರುಗಳನ್ನು ಅಚ್ಚು ಹಾಕಿ. ಅವತ್ತಿನ ಗುಂಡಿನ ಸದ್ದು ಕೇಳಿದ ಹಿರಿಯರು ಬೈತಖೋಲ, ಬಿಣಗಾ ಕಡೆ ಇನ್ನೂ ಇದ್ದರೆ ನಿಮ್ಮ ವರದಿಗಾರರು ಈಗಲೇ ಹೋಗಿ ಮಾತಾಡಿಸಲಿ, ಅವರಿಗೆಲ್ಲ ವಯಸ್ಸಾಗಿದೆ.

ಇಂತಿ,
ನಿಮ್ಮ ಓದುಗ,
ಕೋಡಿಬಾಗ, ಕಾರವಾರ